ನಿಂಗಯ್ಯನ ನಂಬರಿನ ಹಾಲು

ದೇವಿರಮ್ಮನ ಮನೆಯಲ್ಲಿ ಹಸುಗಳು ಒಳಗೆ ಮಲಗುತ್ತವೆ, ಮನುಷ್ಯರು ಜಗಲಿಯಲ್ಲಿ ಮಲಗುತ್ತಾರೆ. ಸೀಮೆಹಸು ಮಳೆಗೆ ನೆಂದರೆ ಜ್ವರ ಬರುತ್ತದೆ, ಹಾಲು ಇಳಿಯುತ್ತದೆ. ದೇವಿರಮ್ಮ ನೆಂದರೆ ಯಾರಿಗೂ ಏನೂ ಇಳಿಯುವುದಿಲ್ಲ. ಇರುವುದು ಒಂದೇ ಫ್ಯಾನು, ಅದೂ ಹಸುಗಳ ತಲೆಯ ಮೇಲೆ. 'ನಮ್ಮನೇಲಿ ಫ್ಯಾನು ಅಸೀಗೆ, ಸೊಳ್ಳೆ ನಮ್ಗೆ' ಎಂದು ಗಂಡ ಚಿಕ್ಕಬೋರಯ್ಯ ಹೇಳಿಕೊಂಡು ನಗುತ್ತಿದ್ದ. ಕೋಳಿ ಕೂಗುವ ಮುಂಚೆ ಎದ್ದು ಅವಳು ಸಗಣಿ ಬಾಚುವುದು, ಅವನು ಸೀಮೆಹುಲ್ಲು ಕೊಯ್ಯಲು ಹೋಗುವುದು. ಮಗಳು ನಾಗಶ್ರೀ ತಂಗಳು ತಿಂದು ಮದ್ದೂರಿನ ಬಟ್ಟೆ ಅಂಗಡಿಗೆ ಹೊರಡುವುದು. ವರ್ಷದ ಎಲ್ಲ ದಿನವೂ ಇಷ್ಟೇ. ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ.

ಆ ಹಸುಗಳು ಅವರವಲ್ಲ, ನಿಂಗಯ್ಯನವು. ನಮ್ಮ ಕಡೆ ಇದನ್ನು ವಾರಕ್ಕೆ ಸಾಕುವುದು ಎನ್ನುತ್ತೇವೆ. ಗೌಡರು ಕರು ತಂದು ಕಟ್ಟುತ್ತಾರೆ. ಕೇರಿಯವರು ಮೇವು ಹೊತ್ತು, ಮೈಯ ಉಣ್ಣೆಹುಳ ಕಿತ್ತು, ಹೆರಿಗೆ ಮಾಡಿಸಿ ಅದನ್ನು ಹಸು ಮಾಡುತ್ತಾರೆ. ಹಾಲಿನಲ್ಲಿ ಅವರಿಗರ್ಧ, ಇವರಿಗರ್ಧ. ಆದರೆ ಡೈರಿಯಲ್ಲಿ ಹಾಲು ಹೊಯ್ಯುವುದು ಪೂರ್ತಿ ನಿಂಗಯ್ಯನ ನಂಬರಿಗೆ. ಬಟವಾಡೆಯ ದಿನ ಅವನು ಹಿಂಡಿ, ಬೂಸ, ಡಾಕ್ಟರು ಎಂದೆಲ್ಲ ಕಳೆದು ಉಳಿದದ್ದರಲ್ಲಿ ಅರ್ಧ ಕೊಡುತ್ತಾನೆ. ದೇವಿರಮ್ಮನಿಗೆ ನಂಬರಿಲ್ಲ. ಡೈರಿಯ ಸದಸ್ಯರಾಗಬೇಕಾದರೆ ಸ್ವಂತ ಹಸು ಇರಬೇಕಂತೆ. ಸ್ವಂತ ಹಸು ಕಟ್ಟುವ ತಾಕತ್ತಿದ್ದರೆ ಯಾವ ಮುಠ್ಠಾಳ ಕಂಡವರ ಹಸುವಿನ ಸಗಣಿ ಬಾಚುತ್ತಾನೆ?

ನಾನು ಹೊಂಬಾಳಮ್ಮ. ಅದೇ ಕೇರಿಯವಳು, ಆಶಾ ಕಾರ್ಯಕರ್ತೆ. ಊರಿನ ಬಸುರಿ, ಬಾಣಂತಿ, ಬಿಪಿ, ಶುಗರು ಎಲ್ಲ ನನ್ನ ತಲೆಯ ಮೇಲೆ. ನಮ್ಮೂರು ಮದ್ದೂರಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಬಾಯಿ ಜೋರು ಎಂದು ನನಗೆ ಹೆಸರಿದೆ. ಇರಲಿ ಬಿಡಿ. ಬಾಯಿ ಮೆತ್ತಗಿದ್ದವರು ಏನಾದರು ಎನ್ನುವುದನ್ನು ಹೇಳುತ್ತೇನೆ, ಕೇಳಿ.

ಹೋದ ವರ್ಷ ಡೈರಿಯವರು ಆರೋಗ್ಯ ವಿಮೆ ತಂದರು. ಯಾವುದೋ ಕಂಪನಿ. ಎಲ್ಲರೂ ಸೇರಿದರೆ ಮಾತ್ರ ಕೊಡುತ್ತೇವೆ, ಇಲ್ಲದಿದ್ದರೆ ಕಾಯಿಲೆಯವರೇ ಬಂದು ಸೇರಿಕೊಳ್ಳುತ್ತಾರೆ ಎಂದರಂತೆ. ಅದಕ್ಕೇ ಕಡ್ಡಾಯ. ಡೈರಿಗೆ ಬಂದ ಪ್ರತಿ ಲೀಟರಿನಲ್ಲೂ ಇಷ್ಟು ಪೈಸೆ ಮುರಿದುಕೊಳ್ಳುವುದು, ಬೇಡ ಎನ್ನುವ ಹಾಗಿಲ್ಲ. ಸದಸ್ಯರಿಗೂ ಅವರ ಒಟ್ಟು ಕುಟುಂಬಕ್ಕೂ ಕಾರ್ಡು ಬಂತು. ಬಟವಾಡೆಯಲ್ಲಿ ನಿಂಗಯ್ಯ ಹಿಂಡಿ ಬೂಸದ ಜೊತೆಗೆ ಇನ್ಶೂರೆನ್ಸನ್ನೂ ಕಳೆಯಲು ಶುರುಮಾಡಿದ. ದೇವಿರಮ್ಮ ತಕರಾರು ಮಾಡಲಿಲ್ಲ. 'ಕಾಯ್ಲೆ ಕಸಾಲೆಗೆ ಆಯ್ತದೆ ಬುಡು, ಒಂಬಾಳಿ. ಒಳ್ಳೇದೇ ಅಲ್ವಾ' ಎಂದಳು ನನ್ನ ಹತ್ತಿರ. ಕಳೆದಿದ್ದಾರೆ ಎಂದ ಮೇಲೆ ತಾನೂ ಅದರಲ್ಲಿ ಇದ್ದೇನೆ ಎಂದುಕೊಂಡಿದ್ದಳು. ನಮ್ಮ ಕೇರಿಯಲ್ಲಿ ಹಸು ವಾರಕ್ಕೆ ಹಿಡಿದವರೆಲ್ಲ ಹಾಗೇ ಅಂದುಕೊಂಡಿದ್ದರು.

ಶ್ರಾವಣದಲ್ಲಿ ಒಂದು ಬೆಳಗ್ಗೆ ಚಿಕ್ಕಬೋರಯ್ಯ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬರುತ್ತಿದ್ದವನು ಅಲ್ಲೇ ಕುಸಿದು ಕುಳಿತ. ಎದೆ ಹಿಡಿದುಕೊಂಡು ಬೆವರುತ್ತಿದ್ದ. 'ಗ್ಯಾಸು ಕಣಕ್ಕ, ಸೋಡ ಕುಡುದ್ರೆ ಓಯ್ತದೆ' ಎಂದ. ನಾನು ಬೈದು ಆಟೋದಲ್ಲಿ ಕೂರಿಸಿ ಮದ್ದೂರಿಗೆ ಒಯ್ದೆ. ಅಲ್ಲಿಂದ ಮಂಡ್ಯ. ಅಲ್ಲಿ ಡಾಕ್ಟರು ಪರೀಕ್ಷೆ ಎಲ್ಲ ಮಾಡಿ ಹೃದಯದ ನಾಳ ಕಟ್ಟಿಕೊಂಡಿದೆ, ಎದೆ ತೆರೆದು ಆಪರೇಷನ್ ಮಾಡಬೇಕು, ತಡ ಮಾಡಬೇಡಿ ಎಂದರು. ಸರ್ಕಾರಿ ಲೆಕ್ಕದಲ್ಲಿ ದೂರದ ಊರಿಗೆ ಹೋಗಿ ಸರದಿ ಕಾಯಬೇಕು. ಖಾಸಗಿಯಲ್ಲಿ ನಾಳೆಯೇ ಆಗುತ್ತದೆ. ಬಡವರ ರೇಷನ್ ಕಾರ್ಡಿದ್ದರೆ ಖಾಸಗಿಗೂ ಸರ್ಕಾರವೇ ಕೊಡುತ್ತದೆ.

ಆ ಕಾರ್ಡು ಹೋಗಿತ್ತು. ನಾಗಶ್ರೀ ಅಂಗಡಿಗೆ ಹೋಗಿ ಬರಲು ಹಳೆಯ ಸ್ಕೂಟರೊಂದನ್ನು ಸಾಲದಲ್ಲಿ ಕೊಂಡಿದ್ದಳು. ಸಾಲ ಕೊಡಿಸುವ ಏಜೆಂಟ್ ಮಹಾಶಯ ಅಪ್ಪನ ಹೆಸರಿನಲ್ಲಿ ಆದಾಯ ತೆರಿಗೆಯ ರಿಟರ್ನ್ ಹಾಕಿಬಿಟ್ಟಿದ್ದ, ಬ್ಯಾಂಕಿನವರು ಬೇಗ ಒಪ್ಪುತ್ತಾರೆ ಎಂದು. ಅಷ್ಟಕ್ಕೇ ಕಂಪ್ಯೂಟರಿನಲ್ಲಿ ಚಿಕ್ಕಬೋರಯ್ಯ ತೆರಿಗೆದಾರನಾದ. ಬಡವರ ಕಾರ್ಡು ರದ್ದಾಯಿತು. ಜಗಲಿಯಲ್ಲಿ ಮಲಗುವ ಮನುಷ್ಯ ಶ್ರೀಮಂತನಾದ. ಮಳವಳ್ಳಿಯ ಕಚೇರಿಗೆ ಅಲೆದು ಅಲೆದು ನನ್ನ ಚಪ್ಪಲಿ ಹರಿಯಿತೇ ಹೊರತು ಕಾರ್ಡು ವಾಪಸ್ಸು ಬರಲಿಲ್ಲ.

ಬೇರೆ ದಾರಿ ಕಾಣದೆ ಅವನನ್ನು ಮನೆಗೆ ಕರೆತಂದು ಮಲಗಿಸಿದೆವು. 'ಡೈರಿ ಇನ್ಸೂರೆನ್ಸು ಅದೆಯಲ್ಲ' ಎಂದಳು ದೇವಿರಮ್ಮ. ಸೆರಗು ಬಿಗಿದುಕೊಂಡು ಹೊರಟೇಬಿಟ್ಟಳು.

ಸಂಜೆಯ ಹಾಲು ಹಾಕಿದ ಮೇಲೆ ಡೈರಿಯ ಜಗಲಿಯಲ್ಲಿ ಹತ್ತಾರು ಜನ ಕೂತಿರುತ್ತಾರೆ. ನಾವಿಬ್ಬರೂ ಕೆಳಗೆ ನಿಂತೆವು. ಸೆಕ್ರೆಟರಿ ಚೌಡಯ್ಯ ಕ್ಯಾನು ತೊಳೆಸುತ್ತಿದ್ದ. ನಿಂಗಯ್ಯ ಕುರ್ಚಿಯಲ್ಲಿದ್ದ. ಅವನು ಡೈರಿಯ ಡೈರೆಕ್ಟರೂ ಹೌದು.

ನಾನೇ ಕೇಳಿದೆ. 'ಚೌಡಣ್ಣ, ಈ ಯಮ್ಮನ ಆಲಲ್ಲಿ ಇನ್ಸೂರೆನ್ಸು ಮುರ್ಕಂಡಿದ್ದೀರೋ ಇಲ್ವೋ?'

'ಆಲಲ್ಲಿ ಮುರ್ಕತೀವಿ ಕಣಮ್ಮ. ಯಾರ್ ಕರೆದ್ರು ಅಂತ ಆಲು ಏಳ್ತದಾ? ನಂಬರ್ ಏಳ್ತದೆ. ನಂಬರ್ ನಿಂಗಣ್ಣಂದು.'

'ಅಂಗಾರೆ ನಿಂಗಣ್ಣ ಇವ್ಳ ತಾವ ಯಾಕೆ ಮುರ್ಕಂಡ್ರು?'

ನಿಂಗಯ್ಯ ರಸ್ತೆ ಕಡೆಗೆ ನೋಡುತ್ತಿದ್ದ. ಉತ್ತರ ಬಂದದ್ದು ಇನ್ನೊಬ್ಬನಿಂದ, ಮೀಸೆ ಬಿಟ್ಟ ಸದಸ್ಯನೊಬ್ಬನಿಂದ. 'ಇವತ್ತು ಇವ್ಳು ಬತ್ತಾಳೆ, ನಾಳೀಕೆ ಕೇರಿ ಪೂರ್ತಿ ಬತ್ತದೆ. ಕಾಸು ಕಟ್ಟೋರು ನಾವು. ಕಟ್ದೆ ಇರೋರ್ ಆಸ್ಪತ್ರೆ ಬಿಲ್ಲನ್ನೆಲ್ಲ ನಾವ್ಯಾಕೆ ಒರ್ಬೇಕು?'

'ಕಟ್ಟಿಲ್ಲ ಅಂದೋರ್ಯಾರು? ಲೀಟರಿಗ್ ಲೀಟರು ಕಟ್ಟವ್ಳೆ.'

'ಸದಸ್ಯಳಾ ಅವ್ಳು?'

'ಮಾಡ್ಕಂಡಿದ್ದೀರಾ ನೀವು?'

ಒಬ್ಬ ಮುದುಕರು ನಡುವೆ ಬಾಯಿ ಹಾಕಿದರು. ಒಳ್ಳೆಯವರೇ. 'ಕೋಪ ಮಾಡ್ಕಬ್ಯಾಡ ಕಣವ್ವ. ಕಾಯ್ಲೆ ಬಿದ್ದ ಮ್ಯಾಕೆ ಸೇರ್ಕತೀವಿ ಅಂತ ಎಲ್ರೂ ಬಂದ್ರೆ ಕಂಪ್ನಿಯೋನು ಗಂಟು ಕಟ್ಕಂಡು ಓಯ್ತನೆ. ಎಲ್ರೂ ಕಟ್ಲಿ ಅಂತಾನೇ ಕಡ್ಡಾಯ ಮಾಡಿದ್ದು.'

'ಎಲ್ರೂ ಅಂದ್ರೆ ಯಾರ್ಯಾರು ತಾತ?' ಎಂದೆ.

ಚೌಡಯ್ಯ ಕೈ ಒರೆಸಿಕೊಂಡು ಹತ್ತಿರ ಬಂದು, 'ನಿನ್ ಮಾತಲ್ಲಿ ನ್ಯಾಯ ಅದೆ ಒಂಬಾಳಮ್ಮ. ರೂಲ್ಸಲ್ಲಿ ಜಾಗ ಇಲ್ಲ' ಎಂದ. ನ್ಯಾಯ ಒಂದು ಕಡೆ ರೂಲ್ಸು ಒಂದು ಕಡೆ ಕೂತರೆ ನಮ್ಮಂಥವರು ನಡುವೆ ನಿಂತಿರಬೇಕು. ತಿರುಗಿ ಬರುವಾಗ ದಾರಿಯಲ್ಲಿ ದೇವಿರಮ್ಮ ಒಂದೇ ಮಾತು ಅಂದಳು. 'ಅವ್ರು ಸತ್ತೋದ್ರೆ ನಾನೂ ಮಗೂನೂ ಏನ್ ಮಾಡದು, ಒಂಬಾಳಿ?'

ಕತ್ತಲಾಗುವ ಹೊತ್ತಿಗೆ ನಿಂಗಯ್ಯನೇ ಕೇರಿಗೆ ಬಂದ. ಎಂದೂ ಬಾರದವನು. ಜಗಲಿಯ ಅಂಚಿನಲ್ಲಿ ನಿಂತೇ ಮಾತಾಡಿದ. 'ಡೈರಿ ಮುಂದೆ ಇಂಗೆಲ್ಲ ಕೇಳ್ಬಾರ್ದು ಕಣ್ ದೇವೀರಿ. ವಾರದ ಆಲು, ಇನ್ನೊಬ್ರ ನಂಬ್ರು ಅಂತೆಲ್ಲ ಮೇಲಿನೋರ ಕಿವಿಗ್ ಬಿದ್ರೆ ಸರ್ಕಾರ ಲೀಟರಿಗೆ ಕೊಡೋ ದುಡ್ಡೂ ನಿಂತೋಯ್ತದೆ. ನಾನೇನು ನಿನ್ ಕೈ ಬುಟ್ಟೀನಾ? ನಮ್ ಅಂಕಯ್ಯನ ಕಾರ್ಡು ಅದೆ. ತಕ್ಕೊಂಡೋಗಿ ಆಪ್ರೇಸನ್ ಮಾಡ್ಸು.'

ಅಂಕಯ್ಯ ಅವನ ತಮ್ಮ. ಮದುವೆಯಾಗದೆ ತೋಟದ ಮನೆಯಲ್ಲಿ ಇರುವ ಮನುಷ್ಯ, ಕಲ್ಲುಗುಂಡಿನ ಹಾಗೆ ಗಟ್ಟಿ. ವಯಸ್ಸು ಹೆಚ್ಚುಕಡಿಮೆ ಚಿಕ್ಕಬೋರಯ್ಯನದೇ.

'ಅವ್ರ ಎಸ್ರಲ್ಲಿ ಇವ್ರುನ್ನ ಮಲಗ್ಸದಾ ಗೌಡ್ರೆ?' ಎಂದೆ. 'ಸಿಕ್ಕಾಕ್ಕಂಡ್ರೆ?'

'ಆಧಾರ್ ಫೋಟೋದಲ್ಲಿ ಯಾವನ್ ಮುಖ ಯಾವನಿಗ್ ಓಲ್ತದೆ? ಜೆರಾಕ್ಸ್ ಮಾಡಿದ್ರೆ ಎಲ್ರೂ ಕರ್ರಗೇ. ನಾನೇ ಜೊತೇಲಿ ಬತ್ತೀನಿ, ಅಣ್ಣ ಅಂತ ಸಯ್ನ್ ಆಕ್ತೀನಿ. ಇನ್ನೇನ್ ಬೇಕು?'

ನಾನು ದೇವಿರಮ್ಮನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಒಳಗೆ ಮಲಗಿದ್ದ ಗಂಡನ ಕಡೆ ನೋಡಿದಳು. ಆ ದಿನ ಹಸುಗಳನ್ನು ಹೊರಗೆ ಕಟ್ಟಿ ಅವನನ್ನು ಫ್ಯಾನಿನ ಕೆಳಗೆ ಮಲಗಿಸಿದ್ದಳು. 'ಆಗ್ಲಿ ಬುದ್ಧಿ' ಎಂದಳು.

ಮಂಡ್ಯದ ಆ ಆಸ್ಪತ್ರೆಯ ನೆಲ ಎಷ್ಟು ನುಣುಪೆಂದರೆ ನಡೆಯಲು ಹೆದರಿಕೆ. ವಿಮೆಯ ಕೌಂಟರಿನ ಹುಡುಗಿ ಜೆರಾಕ್ಸ್ ನೋಡಿ, ಚಿಕ್ಕಬೋರಯ್ಯನನ್ನು ನೋಡಿ, 'ತುಂಬ ಇಳಿದುಹೋಗಿದ್ದಾರೆ' ಎಂದಳು. ಅಷ್ಟೇ. ಗಾಲಿ ಕುರ್ಚಿಯಲ್ಲಿ ಕೂರಿಸಿದಾಗ ನಿಂಗಯ್ಯ ಅವನ ಕಿವಿಯ ಹತ್ತಿರ ಬಗ್ಗಿ, 'ಯಾರ್ ಕೇಳಿದ್ರೂ ಅಂಕಯ್ಯ ಅನ್ನು. ಮರೀಬ್ಯಾಡ ಕಣ್ಲಾ' ಎಂದ.

ಚಿಕ್ಕಬೋರಯ್ಯ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. 'ನೋಡಕ್ಕ, ಒಂದೇ ದಿನದಲ್ಲಿ ಗೌಡ ಆಗೋದೆ. ಇನ್ಮ್ಯಾಕೆ ನಿಮ್ ಮನೇಲಿ ನೀರು ಕುಡಿಯೋದೂ ಕಷ್ಟವೇ.'

ದೇವಿರಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಅವಳು ಗಂಡನ ಮಾತಿಗೆ ನಕ್ಕದ್ದು ಅದೇ ಕೊನೆ.

ಅಂಕಯ್ಯನಿಗೆ ಹೆಂಡತಿಯಿಲ್ಲ. ಆದ್ದರಿಂದ ಆ ಆಸ್ಪತ್ರೆಯಲ್ಲಿ ದೇವಿರಮ್ಮನೂ ಇಲ್ಲ. ನರ್ಸು 'ನೀವೇನಾಗ್ಬೇಕು?' ಎಂದು ಕೇಳಿದರೆ ನಿಂಗಯ್ಯನೇ 'ಮನೆ ಕೆಲಸದೋಳು' ಎಂದ. ಕೆಲಸದವರನ್ನು ಮೇಲಿನ ಮಹಡಿಗೆ ಬಿಡುವುದಿಲ್ಲ. ಪಾಸು ಒಂದೇ, ಅದು ಅಣ್ಣನ ಕೊರಳಲ್ಲಿ. ದೇವಿರಮ್ಮ ಕೆಳಗಿನ ಬೆಂಚಿನಲ್ಲಿ ಕೂತಳು. ಆಪರೇಷನ್ ಆಗುವಾಗಲೂ ಅಲ್ಲೇ, ಆದ ಮೇಲೂ ಅಲ್ಲೇ. ಅಳುವಂತಿಲ್ಲ. ಗೌಡರ ಮನೆಯ ತಮ್ಮನಿಗೆ ಆಳಿನ ಹೆಂಗಸು ಯಾಕೆ ಇಷ್ಟು ಅಳುತ್ತಾಳೆ ಎಂದು ಯಾರಾದರೂ ಕೇಳಿದರೆ? ನಾನು ಊರಿಂದ ಮುದ್ದೆ ಕಟ್ಟಿಕೊಂಡು ಬಂದರೆ ಮೂಸಿ ಕೂಡ ನೋಡುತ್ತಿರಲಿಲ್ಲ. ನಾಗಶ್ರೀ ಅಂಗಡಿ ಬಿಟ್ಟು ಊರಲ್ಲೇ ನಿಂತು ಹಸು ನೋಡಿಕೊಳ್ಳುತ್ತಿದ್ದಳು. ಅಪ್ಪ ಎದೆ ಬಿಚ್ಚಿಕೊಂಡು ಮಲಗಿದ್ದರೂ ಮಗಳು ಎರಡು ಹೊತ್ತೂ ನಿಂಗಯ್ಯನ ನಂಬರಿಗೆ ಹಾಲು ಹೊಯ್ಯಲೇಬೇಕು. ಆ ಹಾಲಿನಲ್ಲೂ ವಿಮೆ ಮುರಿಯುತ್ತಲೇ ಇತ್ತು.

ಆಪರೇಷನ್ ಚೆನ್ನಾಗಿ ಆಯಿತು ಎಂದು ಹೇಳಿದರು. ಮಾರನೆಯ ದಿನ ಮಧ್ಯಾಹ್ನ ಮೇಲಿಂದ ಆಯಾ ಒಬ್ಬಳು ಇಳಿದು ಬಂದಳು. ಯಲಿಯೂರಿನವಳು, ನನ್ನ ಜೊತೆ ಎಲೆಅಡಿಕೆ ಹಂಚಿಕೊಂಡು ಸಲಿಗೆಯಾಗಿದ್ದಳು. 'ನಿಮ್ ಅಂಕಯ್ಯ ಕಣ್ಣೇ ಬುಡ್ತಿಲ್ಲ ಕಣಕ್ಕ. ಬೆಳಗ್ಗಿಂದ ಸಿಸ್ಟರ್ರು ಅಂಕಯ್ಯ, ಅಂಕಯ್ಯ, ಕೈ ಎತ್ತಿ ಅಂತ ಕೂಗಿ ಕೂಗಿ ಸಾಕಾದ್ರು. ಮೆದುಳಿಗೇನಾರ ಆಗದೆ ಅಂತ ಡಾಕ್ಟ್ರು ಮಾತಾಡ್ತಾವ್ರೆ' ಎಂದಳು.

ಎಚ್ಚರವಿದ್ದಾಗ ಅವನು ಅಂಕಯ್ಯ ಎಂದು ಹೇಳಿಕೊಂಡಾನು. ಮತ್ತಿನಲ್ಲಿ ಬಿದ್ದಿರುವ ಮನುಷ್ಯನಿಗೆ ಅದು ತನ್ನ ಹೆಸರೆಂದು ಹೇಗೆ ತಿಳಿಯಬೇಕು? ಯಾರನ್ನೋ ಕೂಗುತ್ತಿದ್ದಾರೆ ಎಂದು ಮಲಗಿರುತ್ತಾನೆ. ನಾನು ವೈದ್ಯಳಲ್ಲ, ಅದೇ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ದೇವಿರಮ್ಮನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. 'ನನ್ ಬುಡಿ, ನಾನ್ ಒಂದ್ಸಲ ಕರೀತೀನಿ' ಎಂದು ಬೆಂಚಿಂದ ಎದ್ದಳು.

ಅಷ್ಟರಲ್ಲಿ ನಿಂಗಯ್ಯ ಮೆಟ್ಟಿಲಿಳಿದು ಬಂದ.

'ಒಂಬಾಳಮ್ಮ, ಇತ್ತಗ್ ಬಾ. ಉಳಿಯೋದೂ ಅದೆ, ಓಗೋದೂ ಅದೆ ಅಂತವ್ರೆ ಡಾಕ್ಟ್ರು. ಕರ್ಕೊಂಡೋಗ್ಬುಡಾನ.'

'ಎಲ್ಲಿಗೆ?'

'ಊರಿಗೆ. ಗಾಡಿಗ್ ಏಳಿದ್ದೀನಿ.'

'ಉಸ್ರಾಡ್ತಾ ಇರೋನ್ನ, ಆ ಪೈಪೆಲ್ಲ ಕಿತ್ತು ಊರಿಗ್ ಒಯ್ತೀರಾ ಗೌಡ್ರೆ?'

ಅವನು ದನಿ ತಗ್ಗಿಸಿದ. 'ನಿಂಗ್ ಅರ್ತ ಆಯ್ತಿಲ್ವ? ಇಲ್ಲಿ ಏನಾರ ಎಚ್ಚುಕಮ್ಮಿ ಆದ್ರೆ ಅಂಕಯ್ಯ ಸತ್ತ ಅಂತ ಸರ್ಟಿಪಿಕೇಟ್ ಬತ್ತದೆ. ಗದ್ದೇಲಿ ನೀರು ಕಟ್ತಾ ಅವ್ನೆ ನನ್ ತಮ್ಮ, ಅವ್ನು ಸತ್ತೋದಂಗ್ ಆಯ್ತದೆ. ಜಮೀನ್ ಪಾಣಿ ಏನಾಯ್ತದೆ? ಬ್ಯಾಂಕ್ ಏನಾಯ್ತದೆ? ಇಬ್ರೂ ಜೈಲಿಗೆ ಓಯ್ತೀವಿ. ಮನೇಲಿ ಆದ್ರೆ ಯಾರೂ ಕೇಳಕಿಲ್ಲ. ಅವ್ನು ಅವ್ನ್ ಎಸ್ರಲ್ಲೇ ಓಯ್ತನೆ.'

'ಸಯ್ನ್ ಯಾರ್ ಆಕ್ತಾರೆ?'

'ನಾನೇ. ಅಣ್ಣ ನಾನೇ ತಾನೆ?'

ಅವನನ್ನು ರಾಕ್ಷಸ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೆದರಿದ್ದ. ಆದರೆ ಅವನ ಹೆದರಿಕೆಗೆ ಬೆಲೆ ತೆರಬೇಕಾದವನು ಮೇಲೆ ಮಲಗಿದ್ದ. ಬದುಕಿರುವ ತಮ್ಮ ಕಾಗದದಲ್ಲಿ ಸಾಯಬಾರದೆಂದು, ಬದುಕಿರುವ ಇನ್ನೊಬ್ಬ ನಿಜವಾಗಿ ಸಾಯಬೇಕು. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ವಿಮೆ ಹೋಗುತ್ತದೆ, ಹೇಳದಿದ್ದರೆ ಗಂಡ ಹೋಗುತ್ತಾನೆ.

ನಾನು ಹಿಂತಿರುಗಿ ನೋಡಿದರೆ ಬೆಂಚು ಖಾಲಿ. ದೇವಿರಮ್ಮ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಸೆಕ್ಯುರಿಟಿಯವನು 'ಏಯ್, ಪಾಸೆಲ್ಲಮ್ಮ?' ಎಂದು ಅಡ್ಡ ಬಂದ. ಕ್ಯಾನು ಹೊತ್ತ ತೋಳು ಅದು, ಒಂದೇ ನೂಕಿಗೆ ಅವನು ಗೋಡೆಗೆ ಹೋದ. ನಾನೂ ಹಿಂದೆ ಓಡಿದೆ. ಬಾಗಿಲು ತಳ್ಳಿ ಒಳಗೆ ನುಗ್ಗಿದಳು. ಹಸಿರು ಬಟ್ಟೆಯ ನಡುವೆ, ಬಾಯಿಗೆ ಪೈಪು ಹಾಕಿಸಿಕೊಂಡು ಅವನು ಮಲಗಿದ್ದ. ಮಂಚದ ತಲೆಯ ಕಡೆ ಅಂಕಯ್ಯ ಎಂದು ಬರೆದಿತ್ತು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮತದಾನದ ದಿನ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತೇವೆ. ದೇವಿರಮ್ಮ 'ನಾಗಸ್ರೀ ಅಪ್ಪ' ಎನ್ನುತ್ತಿದ್ದಳೇ ಹೊರತು ಬೇರೆ ಹೇಗೂ ಕರೆದದ್ದನ್ನು ನಾನು ಕೇಳಿಲ್ಲ. ಮೊದಲು ಹಾಗೇ ಕರೆದಳು. 'ನಾಗಸ್ರೀ ಅಪ್ಪ, ನೋಡಿ ಇಲ್ಲಿ.' ಅವನು ಮಿಸುಕಲಿಲ್ಲ. ನರ್ಸು ಅವಳ ರೆಟ್ಟೆ ಹಿಡಿದು ಹೊರಗೆ ಎಳೆಯುತ್ತಿದ್ದಳು. ಆಗ ದೇವಿರಮ್ಮ ಕಣ್ಣು ಮುಚ್ಚಿಕೊಂಡು, ದನ ಅಟ್ಟುವಾಗ ಕೂಗುವ ದನಿಯಲ್ಲಿ ಕೂಗಿದಳು. 'ಚಿಕ್ಕಬೋರಯ್ಯ. ಲೇ ಬೋರಯ್ಯ, ಏಳು ಮ್ಯಾಕೆ.'

ಅವನು ಕಣ್ಣು ಬಿಟ್ಟ. ಪೂರ್ತಿಯಲ್ಲ, ಸ್ವಲ್ಪ. ನಾನು ನೋಡಿದೆ, ನರ್ಸೂ ನೋಡಿದಳು. ಹಾಸಿಗೆಯ ಮೇಲಿನ ಕೈಬೆರಳು ಅಲುಗಿತು. ನರ್ಸು ಅವಳ ರೆಟ್ಟೆ ಬಿಟ್ಟು ಡಾಕ್ಟರನ್ನು ಕರೆಯಲು ಓಡಿದಳು.

ಡಾಕ್ಟರು ಬಂದು ಟಾರ್ಚು ಬಿಟ್ಟು ನೋಡಿದರು. ಅವರಿಗೂ ಖುಷಿಯಾಯಿತು. ಆಮೇಲೆ ಕೇಳಿದರು, 'ಚಿಕ್ಕಬೋರಯ್ಯ ಯಾರು?'

ನಿಂಗಯ್ಯ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ದೇವಿರಮ್ಮ ಅವನನ್ನು ನೋಡಿದಳು. 'ಇವ್ರೇ ಸಾರ್. ನನ್ ಗಂಡ. ಇವ್ರು ಅಂಕಯ್ಯ ಅಲ್ಲ. ಕರ್ಕೊಂಡೋಗಕೆ ಇವ್ರಿಗೆ ಅಣ್ಣ ಯಾರೂ ಇಲ್ಲ. ನಾನಿದ್ದೀನಿ. ನಾನು ಕಳ್ಸಕಿಲ್ಲ.'

ಆಫೀಸಿನಲ್ಲಿದ್ದ ಮ್ಯಾನೇಜರು ಸಣ್ಣ ದನಿಯ, ಮರ್ಯಾದೆಯ ಮನುಷ್ಯ. ಕೂರಿಸಿ ನೀರು ಕೊಟ್ಟ. 'ಅಮ್ಮ, ಇದು ಫ್ರಾಡ್ ಆಗತ್ತೆ. ಕಂಪನಿಯವರು ಒಂದು ರೂಪಾಯೀನೂ ಕೊಡಲ್ಲ. ಆಗಿರೋದೆಲ್ಲ ನೀವೇ ಕಟ್ಟಬೇಕು. ಮನುಷ್ಯತ್ವ ಅಂತ ಇವತ್ತೊಂದು ದಿನ ಇಟ್ಕೋತೀವಿ' ಎಂದ. ಆಮೇಲೆ ನನ್ನ ಕಡೆ ತಿರುಗಿ, 'ತಪ್ಪು ತಿಳೀಬೇಡಿ. ವಿಮೆ ಇಲ್ಲದೋರ ಖರ್ಚು ಕೊನೆಗೆ ಕಟ್ಟೋರ ತಲೆ ಮೇಲೇ ತಾನೆ ಬೀಳೋದು? ಅವರು ಯಾಕೆ ಕಟ್ಟಬೇಕು ಹೇಳಿ' ಎಂದ.

'ಕಟ್ಟೋಳೇ ಇವ್ಳು ಸಾರ್' ಎಂದೆ. ಅವನಿಗೆ ಅರ್ಥವಾಗಲಿಲ್ಲ. ವಾರ, ನಂಬರು, ಬಟವಾಡೆ ಎಂದು ವಿವರಿಸಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಾಯಿ ಜೋರು ಎನ್ನುತ್ತಾರೆ ನನ್ನನ್ನು. ಆ ಕುರ್ಚಿಯಲ್ಲಿ ನನ್ನ ಬಾಯಿ ಸತ್ತುಹೋಗಿತ್ತು.

ಮಾರನೆಯ ದಿನ ಅವನನ್ನು ಆಂಬುಲೆನ್ಸಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿದ್ದ ಎಳೆಯ ಡಾಕ್ಟರು ಪಾಪ ತಕ್ಷಣ ಹಾಸಿಗೆ ಕೊಟ್ಟರು. ಏನು ಆಪರೇಷನ್, ಯಾವ ಔಷಧಿ ಕೊಟ್ಟಿದ್ದಾರೆ, ಕಾಗದ ಎಲ್ಲಿ ಎಂದು ಕೇಳಿದರು. ಕಾಗದವೆಲ್ಲ ಅಂಕಯ್ಯನದು. ಅದನ್ನು ಕೊಟ್ಟರೆ ಕೇಸು ಕೆಡುತ್ತದೆಂದು ಆ ಆಸ್ಪತ್ರೆಯವರು ಹಿಡಿದುಕೊಂಡಿದ್ದರು. ಚಿಕ್ಕಬೋರಯ್ಯ ಎಂಬುವನಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ಎದೆಯ ನಡುವೆ ಉದ್ದಕ್ಕೆ ಹೊಲಿಗೆ ಮಾತ್ರ ಇತ್ತು. ಡಾಕ್ಟರು ಫೋನಿನ ಮೇಲೆ ಫೋನು ಮಾಡಿ, ಬೈದು, ಬೇಡಿ, ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಎರಡು ರಾತ್ರಿ ಕಳೆದು ಬೆಳಗಿನ ಜಾವ ಅವನು ಹೋದ. ದೇವಿರಮ್ಮನ ಬೆರಳು ಹಿಡಿದುಕೊಂಡೇ ಹೋದ. ಅಲ್ಲಿ ಅವಳನ್ನು ಯಾರೂ ಏಳಿಸಲಿಲ್ಲ. ಅವಳು ಅಳಬೇಕಾದಷ್ಟು ಅತ್ತಳು.

ಹೆಣ ಊರಿಗೆ ಬಂದ ದಿನವೇ ಪೊಲೀಸರೂ ಬಂದರು. ಬಿಲ್ಲಿನ ದುಡ್ಡನ್ನೂ ಸೇರಿಸಿ ಆಸ್ಪತ್ರೆಯವರು ದೂರು ಕೊಟ್ಟಿದ್ದರು. ನಿಂಗಯ್ಯ ಹೇಳಿಕೆ ಕೊಟ್ಟಿದ್ದ, ಹಿಂಡಿ ತೆಗೆದುಕೊಳ್ಳಲು ಮನೆಗೆ ಬಂದ ಹೆಂಗಸು ತಮ್ಮನ ಕಾರ್ಡು ಕದ್ದಿದ್ದಾಳೆ, ತನ್ನನ್ನು ಬೆದರಿಸಿ ಸಹಿ ಹಾಕಿಸಿಕೊಂಡಿದ್ದಾಳೆ ಎಂದು. ದೇವಿರಮ್ಮ ನಿಂಗಯ್ಯನನ್ನು ಬೆದರಿಸಿದಳಂತೆ. ಪೇದೆಗೇ ನಗು ಬಂತು, ಆದರೂ ಬರೆದುಕೊಂಡ. ನನಗೂ ಮೇಲಿಂದ ನೋಟೀಸು ಬಂತು, ಕೆಲಸದಿಂದ ಯಾಕೆ ತೆಗೆಯಬಾರದು ಎಂದು. ಡೈರಿಯ ಸಭೆಯಲ್ಲಿ ಸದಸ್ಯರಲ್ಲದವರು ವಿಮೆಯ ದುರುಪಯೋಗ ಮಾಡದಂತೆ ಬಿಗಿ ಮಾಡಬೇಕೆಂದು ತೀರ್ಮಾನವಾಯಿತಂತೆ. ಮುರಿದುಕೊಳ್ಳುವುದನ್ನು ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ. ಆ ಒಳ್ಳೆಯ ಮುದುಕರೂ ಹೇಳಲಿಲ್ಲ.

ಮಣ್ಣು ಮಾಡಿದ ಮೂರನೆಯ ದಿನ ನಮ್ಮಲ್ಲಿ ಹಾಲುತುಪ್ಪ. ಗುಂಡಿಯ ಮೇಲೆ ಹಾಲು, ತುಪ್ಪ ಬಿಟ್ಟು ಸತ್ತವರ ಹಸಿವು ಆರಿಸುವುದು. ಅಂದು ಬೆಳಗ್ಗೆಯೂ ದೇವಿರಮ್ಮ ಎದ್ದು ಸಗಣಿ ಬಾಚಿದಳು, ಎರಡು ಹಸುಗಳನ್ನೂ ಕರೆದಳು. ಕ್ಯಾನು ತುಂಬಿತು. ತಲೆಯ ಮೇಲೆ ಇಟ್ಟುಕೊಂಡು ಹೊರಟಳು. ನಾನೂ ನಾಗಶ್ರೀಯೂ ಕೇರಿಯ ನಾಲ್ಕಾರು ಹೆಂಗಸರೂ ಹಿಂದೆ ಹೋದೆವು, ತುಪ್ಪದ ಬಟ್ಟಲು ಹಿಡಿದು. ಡೈರಿಯ ಮುಂದೆ ಬಂದಾಗ ಚೌಡಯ್ಯ ಕೂಗಿದ. 'ಬಿರ್ನೆ ಬಾ ದೇವೀರಮ್ಮ, ವ್ಯಾನು ಬಂದದೆ.' ಅವಳು ನಿಲ್ಲಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಅವಳು ಡೈರಿ ದಾಟಿ ಕೆರೆ ಏರಿಯ ಕೆಳಗಿನ ಹಾದಿ ಹಿಡಿದಳು.

ಹಸಿ ಮಣ್ಣಿನ ಮೇಲೆ ಕ್ಯಾನು ಬಗ್ಗಿಸಿದಳು. ಮೊದಲ ಧಾರೆ ಬಿದ್ದಾಗ ಒಬ್ಬ ಅಜ್ಜಿ, 'ಒಂದ್ ಲೋಟ ಸಾಕು ಕಣವ್ವ' ಎಂದಿತು. ಅವಳು ಬಗ್ಗಿಸುತ್ತಲೇ ಹೋದಳು. ನಮ್ಮ ಜನ ಬಾಣಂತಿಯ ಕಾಫಿಗೂ ಉಳಿಸಿಕೊಳ್ಳದೆ ಡೈರಿಗೆ ಹೊಯ್ದ ಹಾಲು ಅದು. ನೋಡಲು ಸಂಕಟವಾಗುತ್ತಿತ್ತು. ಮಣ್ಣು ಬೆಳ್ಳಗಾಗಿ, ನೊರೆ ಬಂದು, ಹಾಲು ಪಕ್ಕದ ಗುಂಡಿಗಳ ಕಡೆಗೂ ಹರಿಯಿತು.

'ಅವ್ರು ದುಡಿದ ಆಲು' ಎಂದಳು ದೇವಿರಮ್ಮ. ಯಾರಿಗೂ ಹೇಳಿದ್ದಲ್ಲ. 'ಒಂದಿನಾನಾರ ಅವ್ರ ಎಸ್ರಿಗ್ ಓಗ್ಲಿ.'

ಸಂಜೆಗೆ ಹಾಲು ಕದ್ದ ದೂರೂ ಸೇರಿಕೊಂಡಿತು. ನಿಂಗಯ್ಯನ ಆಳುಗಳು ಬಂದು ಹಸುಗಳನ್ನು ಬಿಚ್ಚಿದರು. ನಾಗಶ್ರೀ ಅಡ್ಡ ನಿಂತು, 'ನಮ್ ಅರ್ಧ ಪಾಲಿನ್ ದುಡ್ಡು ಕೊಟ್ಟು ಒಡ್ಕಂಡೋಗಿ' ಎಂದಳು. ಅವಳನ್ನು ಸರಿಸಿ ಹೊಡೆದುಕೊಂಡು ಹೋದರು. ಹೋದದ್ದೇನು ದೂರವಲ್ಲ, ಅದೇ ಕೇರಿ, ಮರಿಸಿದ್ದಯ್ಯನ ಮನೆ. ಅವನೇ ಕೇಳಿಕೊಂಡನೋ ಅವರೇ ಕೊಟ್ಟರೋ ಗೊತ್ತಿಲ್ಲ. ಮೂರು ಮಕ್ಕಳ ತಂದೆ, ಬೇಡ ಎನ್ನುವ ಹಾಗಿಲ್ಲ. ದೇವಿರಮ್ಮ ಅವನ ಮೇಲೆ ಒಂದು ಬೈಗುಳವನ್ನೂ ಹಾಕಲಿಲ್ಲ. ಈಗ ಅವಳು ಒಳಗೆ ಮಲಗುತ್ತಾಳೆ. ಕೇಸಿಗೆಂದು ತಾರೀಕು ಬಂದಾಗಲೆಲ್ಲ ನಾವಿಬ್ಬರೂ ಬಸ್ಸು ಹತ್ತುತ್ತೇವೆ. ತಪ್ಪೊಪ್ಪಿಕೊಂಡರೆ ಸಲೀಸು ಎಂದು ವಕೀಲರು ಹೇಳುತ್ತಾರೆ, ಇವಳು ಒಪ್ಪುವುದಿಲ್ಲ.

ಮರಿಸಿದ್ದಯ್ಯನಿಗೆ ಬಿಪಿ ಇದೆ. ನನ್ನನ್ನು ಇನ್ನೂ ಕೆಲಸದಿಂದ ತೆಗೆದಿಲ್ಲ, ಮಾತ್ರೆ ಕೊಡುವವಳು ನಾನೇ. ಮೊನ್ನೆ ಬೆಳಗ್ಗೆ ಹೋದಾಗ ಹಾಲು ಕರೆದು ಎದ್ದಿದ್ದ. ಮುಖ ಊದಿಕೊಂಡಿತ್ತು. ಪಟ್ಟಿ ಕಟ್ಟಿ ನೋಡಿದೆ, ಜಾಸ್ತಿ ಇತ್ತು. ಮಾತ್ರೆ ತಪ್ಪಿಸಬೇಡ, ಹೊರೆ ಹೊರಬೇಡ ಎಂದು ಗದರಿದೆ.

'ಒರ್ದೆ ಇದ್ರೆ ಆಯ್ತದಾ ಒಂಬಾಳಕ್ಕ?' ಎಂದ. ಹಗ್ಗ ಸುತ್ತುತ್ತಾ ಕೇಳಿದ. 'ನಿನ್ನೆ ಬಟವಾಡೇಲಿ ಇನ್ಸೂರೆನ್ಸ್ ಅಂತ ಮುರ್ಕಂಡ್ರು. ಅದ್ರಲ್ಲಿ ನಂಗೇನಾರ ಬತ್ತದಾ?'

'ಇಲ್ಲ ಕಣ್ಲಾ' ಎಂದೆ.

'ಗೊತ್ತು. ಸುಮ್ಕೆ ಕೇಳ್ದೆ' ಎಂದು ಕ್ಯಾನು ಎತ್ತಿಕೊಂಡು ಡೈರಿಯ ಕಡೆಗೆ ಹೋದ.